ಹಲ್ಲು ಕೀಳುವ ಲೈಸೆನ್ಸ್: ವಿದ್ಯಾರ್ಥಿಗೆ ಪರೀಕ್ಷೆ ಸರಿ, ಕಾಲೇಜಿಗೆ ಯಾವಾಗ?

ನನ್ನ ಚಿಕ್ಕಮ್ಮನ ಮಗಳು ಬಿಡಿಎಸ್ ಮುಗಿಸಿ ಊರಿಗೆ ಬಂದ ವಾರವೇ ಅವಳ ದೊಡ್ಡಪ್ಪ ಕೆನ್ನೆ ಊದಿಸಿಕೊಂಡು ಮನೆಗೆ ಬಂದರು. ದವಡೆ ಹಲ್ಲಿನ ನೋವು. ಮೂರು ದಿನದಿಂದ ನಿದ್ದೆ ಇಲ್ಲ. "ಮನೇಲೇ ಡಾಕ್ಟ್ರು ಇರುವಾಗ ಪೇಟೆಗೆ ಯಾಕೆ ಹೋಗ್ಲಿ?" ಅಂತ ಜಗುಲಿ ಮೇಲೆ ಕೂತರು. ಇವಳು ಮೊಬೈಲ್ ಟಾರ್ಚ್ ಹಾಕಿ ನೋಡಿದಳು. ಹುಳುಕು ಬೇರಿನವರೆಗೆ ಇಳಿದಿರಬೇಕು ಅನ್ನಿಸಿತು. "ದೊಡ್ಡಪ್ಪಾ, ತಾಲೂಕು ಆಸ್ಪತ್ರೆಗೆ ಹೋಗಿ. ನಾನು ಕೀಳೋ ಹಾಗಿಲ್ಲ, ಮಾತ್ರೆ ಬರೆದುಕೊಡೋ ಹಾಗೂ ಇಲ್ಲ. ನನಗಿನ್ನೂ ನಂಬರ್ ಬಂದಿಲ್ಲ" ಅಂದಳು.

ದೊಡ್ಡಪ್ಪ ತಾಲೂಕು ಆಸ್ಪತ್ರೆಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಬಹಳ ವರ್ಷಗಳಿಂದ ಹಲ್ಲು ಕೀಳುವ, ಸೆಟ್ ಕಟ್ಟಿಕೊಡುವ ಒಬ್ಬರ ಅಂಗಡಿಗೆ ಹೋಗಿ ಕೀಳಿಸಿಕೊಂಡು ಬಂದರು. ಅವರು ಯಾವ ದಂತ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ ಅನ್ನೋದು ಊರಿಗೆಲ್ಲ ಗೊತ್ತು.

ಅವತ್ತು ರಾತ್ರಿ ಇವಳ ಫೋನ್ ಬಂತು. "ಅಣ್ಣಾ, ಐದು ವರ್ಷ ಓದಿದವಳ ಕೈಯನ್ನ ಕಾನೂನು ಕಟ್ಟಿಹಾಕಿದೆ. ಓದದೇ ಇರೋರನ್ನ ಯಾರೂ ಕೇಳಲ್ಲ. ಹಾಗಾದ್ರೆ ಈ ಲೈಸೆನ್ಸ್ ಇರೋದು ಯಾರಿಗೋಸ್ಕರ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಾನು ಇಂಜಿನಿಯರಿಂಗ್ ಓದಿದವನು. ನನ್ನ ಡಿಗ್ರಿ ಕೈಗೆ ಬಂದ ಮೇಲೆ ಕೆಲಸಕ್ಕೆ ಸೇರೋಕೆ ಯಾವ ಕೌನ್ಸಿಲ್ಲಿನ ನಂಬರೂ ಬೇಕಿರಲಿಲ್ಲ. ನಾನು ಬರೆದ ಕೋಡ್ ಕೆಟ್ಟರೆ ಯಾರದ್ದೋ ವೆಬ್‌ಸೈಟ್ ನಿಲ್ಲುತ್ತಿತ್ತು, ಅಷ್ಟೆ. ಬಾಯೊಳಗೆ ಸೂಜಿ, ಡ್ರಿಲ್ಲು ಹಾಕುವವರ ವಿಷಯ ಹಾಗಲ್ಲ. ತಪ್ಪು ಜಾಗಕ್ಕೆ ಇಂಜೆಕ್ಷನ್ ಬಿದ್ದರೆ, ಉಪಕರಣವನ್ನು ಸರಿಯಾಗಿ ಸ್ಟೆರಿಲೈಜ್ ಮಾಡದೇ ಇದ್ದರೆ, ರೋಗಿಗೆ ಹೆಪಟೈಟಿಸ್ ಬಿ ಅಂಟಬಹುದು, ಸೋಂಕು ಕುತ್ತಿಗೆಗೆ ಇಳಿದು ಪ್ರಾಣಕ್ಕೇ ಬರಬಹುದು. ಹಾಗಾಗಿ ಲೈಸೆನ್ಸ್ ಬೇಕೇ ಬೇಕು. ನನ್ನ ತಕರಾರು ಬೇರೆ. ಲೈಸೆನ್ಸ್ ಅನ್ನುವುದು ಸರ್ಕಾರ ರೋಗಿಗೆ ಕೊಡುವ ಖಾತರಿ. ಆ ಖಾತರಿಯ ಭಾರವನ್ನೆಲ್ಲ ನಾವು 23-24 ವರ್ಷದ ಹುಡುಗ ಹುಡುಗಿಯರ ತಲೆ ಮೇಲೆ ಹೊರಿಸಿದ್ದೇವೆ. ಅವರಿಗೆ ಕಲಿಸಿದವರ ಮೇಲೆ ಏನನ್ನೂ ಹೊರಿಸಿಲ್ಲ.

75 ವರ್ಷ ಹಳೆಯ ರಿಜಿಸ್ಟರು

ಸ್ವಲ್ಪ ಹಿಂದಕ್ಕೆ ಹೋಗೋಣ. ಈ ದೇಶದ ಮೊದಲ ದಂತ ಕಾಲೇಜನ್ನು ಡಾ. ರಫೀಉದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತಾದಲ್ಲಿ ಶುರು ಮಾಡಿದರು. ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದಿದ್ದು ಸ್ವಾತಂತ್ರ್ಯದ ನಂತರ, 1948ರ ದಂತವೈದ್ಯರ ಕಾಯ್ದೆಯ ಮೂಲಕ. ಭಾರತೀಯ ದಂತ ವೈದ್ಯಕೀಯ ಪರಿಷತ್ತು, ರಾಜ್ಯಗಳ ದಂತ ಪರಿಷತ್ತುಗಳು, ರಾಜ್ಯಕ್ಕೊಂದು ರಿಜಿಸ್ಟರು, ಎಲ್ಲಕ್ಕೂ ಅದೇ ಬುನಾದಿ.

ಆ ರಿಜಿಸ್ಟರಿನಲ್ಲಿ ಎರಡು ಭಾಗಗಳಿದ್ದವು. 'ಎ' ಭಾಗ ಮಾನ್ಯತೆ ಪಡೆದ ಪದವಿ ಇದ್ದವರಿಗೆ. 'ಬಿ' ಭಾಗ ಪದವಿ ಇಲ್ಲದಿದ್ದರೂ ಅದೇ ಕಸುಬಿನಿಂದ ಕನಿಷ್ಠ ಐದು ವರ್ಷ ಹೊಟ್ಟೆ ಹೊರೆದವರಿಗೆ. ಅಂದರೆ ಬಸ್ ಸ್ಟ್ಯಾಂಡ್ ಪಕ್ಕ ಅಂಗಡಿ ಇಟ್ಟವರು ಆ ಕಾಲದಲ್ಲೂ ಇದ್ದರು. ಹೊಸ ದೇಶ ಅವರನ್ನು ಒಂದೇ ದಿನದಲ್ಲಿ ಬೀದಿಗೆ ತಳ್ಳಲಿಲ್ಲ. ಲೆಕ್ಕಕ್ಕೆ ತಂದು, 'ಇಲ್ಲಿಂದ ಮುಂದೆ ಓದಿದವರು ಮಾತ್ರ' ಎಂದು ಗೆರೆ ಎಳೆಯಿತು. ಆಗ ಅದು ನ್ಯಾಯವಾದ ತೀರ್ಮಾನವೇ ಆಗಿತ್ತು.

ಆದರೆ ಗೆರೆ ದಾಟಿದವರಿಗೆ ಶಿಕ್ಷೆ ಏನಿತ್ತು ಗೊತ್ತಾ? ಆ ಕಾಯ್ದೆಯ ಪ್ರಕಾರ ರಿಜಿಸ್ಟರಿನಲ್ಲಿ ಹೆಸರಿಲ್ಲದೆ ದಂತ ಚಿಕಿತ್ಸೆ ನಡೆಸಿದವರಿಗೆ ಮೊದಲ ಸಲ ಗರಿಷ್ಠ 500 ರೂಪಾಯಿ ದಂಡ. ಮತ್ತೆ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು, ಅಥವಾ 1000 ರೂಪಾಯಿ ದಂಡ, ಅಥವಾ ಎರಡೂ. 1948ರಲ್ಲಿ 500 ರೂಪಾಯಿ ದೊಡ್ಡ ಮೊತ್ತ. ಇವತ್ತು ಒಂದು ಹಲ್ಲು ಕೀಳಿಸೋಕೆ ನಗರದ ಕ್ಲಿನಿಕ್ಕಿನಲ್ಲಿ ಅದಕ್ಕಿಂತ ಜಾಸ್ತಿ ಕೊಡಬೇಕು.

ಫೈಲಿನಲ್ಲಿ ಏನಿದೆ, ಏನಿಲ್ಲ

ಈಗ ನನ್ನ ತಂಗಿಯ ಪ್ಲಾಸ್ಟಿಕ್ ಫೈಲಿಗೆ ಬರೋಣ. ಬಿಡಿಎಸ್ ಅಂದರೆ ನಾಲ್ಕು ವರ್ಷದ ಓದು, ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ಅದಾದ ಮೇಲೆ ರಾಜ್ಯ ದಂತ ಪರಿಷತ್ತಿಗೆ ನೋಂದಣಿ ಅರ್ಜಿ. ಅವಳ ಫೈಲಿನಲ್ಲಿ ಎಸೆಸೆಲ್ಸಿ ಅಂಕಪಟ್ಟಿ, ಬಿಡಿಎಸ್ ಅಂಕಪಟ್ಟಿಗಳು, ವಿಶ್ವವಿದ್ಯಾಲಯದ ಪ್ರಾವಿಷನಲ್ ಸರ್ಟಿಫಿಕೇಟು, ಇಂಟರ್ನ್‌ಶಿಪ್ ಮುಗಿಸಿದ ಪತ್ರ, ಗುರುತಿನ ಚೀಟಿ, ಫೋಟೊ, ಎಲ್ಲವಕ್ಕೂ ಜೆರಾಕ್ಸ್ ಇದ್ದವು. ಅಂದರೆ ಇರಬೇಕಿತ್ತು. ಇಂಟರ್ನ್‌ಶಿಪ್ ಪತ್ರ ಒಂದು ಇರಲಿಲ್ಲ.

ಯಾಕಿರಲಿಲ್ಲ? ಅವಳ ಕಾಲೇಜಿನವರು 'ನೋ ಡ್ಯೂ' ಆಗಿಲ್ಲ ಎಂದು ಅದನ್ನು ಕೊಟ್ಟಿರಲಿಲ್ಲ. ಕೊನೆಯ ವರ್ಷದ ಫೀಸಿನಲ್ಲಿ ಏನೋ ಬಾಕಿ ತೋರಿಸುತ್ತಿತ್ತು. ಚಿಕ್ಕಪ್ಪ ರಸೀದಿ ಹುಡುಕಿ ತೋರಿಸಿದರೂ ಅಕೌಂಟ್ಸ್ ವಿಭಾಗದವರು ಇವತ್ತು ಬಾ, ನಾಳೆ ಬಾ ಅಂತ ತಿಂಗಳುಗಟ್ಟಲೆ ಓಡಾಡಿಸಿದರು. ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ಸಂಸ್ಥೆಗಳು ಹಿಡಿದಿಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಆದರೆ ಅಧಿಸೂಚನೆ ಓದಿ ಹೇಳಿದರೆ ಕೆಲಸ ಇನ್ನಷ್ಟು ತಡ ಆಗುತ್ತೆ ಅನ್ನೋ ಭಯ ಎಲ್ಲ ವಿದ್ಯಾರ್ಥಿಗಳಿಗೂ ಇದ್ದೇ ಇರುತ್ತೆ.

ಈ ಮಧ್ಯದ ತಿಂಗಳುಗಳಲ್ಲಿ ಅವಳು ಕಾನೂನಿನ ಕಣ್ಣಲ್ಲಿ ಯಾರು? ವಿದ್ಯಾರ್ಥಿಯಲ್ಲ. ಡಾಕ್ಟರೂ ಅಲ್ಲ. ಸಂಬಳ ಇಲ್ಲ. ಎಜುಕೇಷನ್ ಲೋನ್ ಕಂತು ಮಾತ್ರ ತಲೆ ಮೇಲೆ ತೂಗುತ್ತಿದೆ. ಅವಳ ಗೆಳತಿಯರಲ್ಲಿ ಕೆಲವರು ಯಾವುದೋ ಕ್ಲಿನಿಕ್ಕಿನಲ್ಲಿ 'ಅಸಿಸ್ಟೆಂಟ್' ಅಂತ ಸೇರಿಕೊಂಡರು. ಹೆಸರಿಗೆ ಅಸಿಸ್ಟೆಂಟು, ಮಾಡುವುದು ಡಾಕ್ಟರ ಕೆಲಸ, ಸಹಿ ಮಾತ್ರ ಮಾಲೀಕರದ್ದು. ರೋಗಿಗೆ ಏನಾದರೂ ಎಡವಟ್ಟಾದರೆ ಸಿಕ್ಕಿಬೀಳುವುದು ಈ ಹುಡುಗಿಯರೇ. ಕಾಲೇಜು ಒಂದು ಹಾಳೆಯನ್ನು ತಡ ಮಾಡಿ ಕೊಟ್ಟ ಕಾರಣಕ್ಕೆ ಅವರು ಕಾನೂನು ಮುರಿಯುವ ಅಂಚಿನಲ್ಲಿ ನಿಂತಿದ್ದಾರೆ.

ಇನ್ನು ಫೈಲಿನಲ್ಲಿ ಇಲ್ಲದ್ದು ಏನು ಅಂದರೆ, ಇವಳಿಗೆ ನಿಜಕ್ಕೂ ಕೆಲಸ ಬರುತ್ತಾ ಅನ್ನುವುದಕ್ಕೆ ಕಾಲೇಜಿನ ಮಾತು ಬಿಟ್ಟು ಬೇರೆ ಪುರಾವೆ. ಪರಿಷತ್ತು ನೋಡುವುದು ದಾಖಲೆ. ಕಾಲೇಜಿನಲ್ಲಿ ಕಲಿಸಿದ್ದಾರೆ ಎಂದು ನಂಬಿಕೊಂಡು ನಂಬರ್ ಕೊಡುತ್ತದೆ. ಕಾಲೇಜು ಚೆನ್ನಾಗಿದ್ದರೆ ಇದರಲ್ಲಿ ತೊಂದರೆ ಏನೂ ಇಲ್ಲ. ಇಲ್ಲದಿದ್ದರೆ?

ರೋಗಿಯೇ ಬರದ ಕಾಲೇಜು

ಕರ್ನಾಟಕದಲ್ಲಿ 40ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ದೇಶದಲ್ಲಿ 300ಕ್ಕೂ ಹೆಚ್ಚು. ನಮ್ಮ ರಾಜ್ಯದಲ್ಲಿ ಬೆಂಗಳೂರು, ಬಳ್ಳಾರಿಯಂಥ ಬೆರಳೆಣಿಕೆಯ ಕಡೆ ಮಾತ್ರ ಸರ್ಕಾರಿ ಕಾಲೇಜು. ಮಿಕ್ಕವೆಲ್ಲ ಖಾಸಗಿ. ಕ್ಯಾಪಿಟೇಶನ್ ಹಾವಳಿಗೆ ಹೆದರಿ 1984ರಲ್ಲೇ ಅದನ್ನು ನಿಷೇಧಿಸುವ ಕಾಯ್ದೆ ತಂದ ರಾಜ್ಯ ನಮ್ಮದು. ಹಾಗೆ ಕಾಯ್ದೆ ತರಬೇಕಾದ ಪರಿಸ್ಥಿತಿ ಬಂದ ರಾಜ್ಯವೂ ನಮ್ಮದೇ.

ದಂತ ಕಾಲೇಜಿಗೆ ಕಟ್ಟಡ, ಚೇರು, ಪ್ರೊಫೆಸರುಗಳು ಇದ್ದರೆ ಸಾಲದು, ಬಾಯಿ ತೆರೆಯುವ ರೋಗಿಗಳೂ ಬೇಕು. ಇಷ್ಟು ಹಲ್ಲು ಕಿತ್ತಿರಬೇಕು, ಇಷ್ಟು ತುಂಬಿಸಿರಬೇಕು, ಇಷ್ಟು ಸೆಟ್ ಮಾಡಿರಬೇಕು ಎಂದು ಪ್ರತಿ ವಿದ್ಯಾರ್ಥಿಗೂ ಕೋಟಾ ಇರುತ್ತೆ. ಊರಾಚೆ, ಹೈವೇ ಪಕ್ಕ ಇರುವ ಕಾಲೇಜಿಗೆ ರೋಗಿ ಬರುವುದು ಹೇಗೆ? ದಂತ ಕಾಲೇಜಿನಲ್ಲಿ ಓದಿದ ಯಾರನ್ನಾದರೂ ಕೇಳಿ ನೋಡಿ. ಪರೀಕ್ಷೆಗೆ ರೋಗಿಯನ್ನು ತಾವೇ ಹುಡುಕಿ, ಬಸ್ ಚಾರ್ಜ್ ಕೊಟ್ಟು, ಊಟ ಕೊಡಿಸಿ ಕರೆತಂದ ಕತೆ ಹೇಳುತ್ತಾರೆ. "ನನ್ನ ಪರೀಕ್ಷೆಗೆ ನಮ್ಮ ಹಾಸ್ಟೆಲ್ ವಾಚ್‌ಮನ್ ಅಂಕಲ್ಲೇ ಪೇಷೆಂಟು" ಎಂದು ತಂಗಿ ನಗುತ್ತಾಳೆ. ಕೇಳುವಾಗ ತಮಾಷೆ. ಆದರೆ ಒಬ್ಬ ವಿದ್ಯಾರ್ಥಿ ಎಷ್ಟು ಕಲಿಯುತ್ತಾನೆ ಅನ್ನುವುದು ಅವನ ಶ್ರಮಕ್ಕಿಂತ ಹೆಚ್ಚಾಗಿ ಅವನ ಕಾಲೇಜಿನ ಓಪಿಡಿಯಲ್ಲಿ ಎಷ್ಟು ಜನ ಕ್ಯೂ ನಿಂತಿದ್ದಾರೆ ಅನ್ನುವುದರ ಮೇಲೆ ನಿಂತಿದೆ ಎಂದಾಯಿತು.

ಸೀಟುಗಳ ಕತೆಯೂ ಅಷ್ಟೆ. 2020-21ರಲ್ಲಿ ಸುಮಾರು 7 ಸಾವಿರ ಬಿಡಿಎಸ್ ಸೀಟುಗಳು ಖಾಲಿ ಉಳಿದವು. ನೀಟ್ ಕಟ್‌ಆಫ್ ಇಳಿಸಿ ಎಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. ದೇಶದಲ್ಲಿ ದಂತವೈದ್ಯರ ಕೊರತೆ ಇಲ್ಲ, ಇಳಿಸುವ ಅಗತ್ಯವಿಲ್ಲ ಎಂದು ಕೇಂದ್ರ ವಾದಿಸಿತು. 2021ರ ಫೆಬ್ರುವರಿಯಲ್ಲಿ ಕೋರ್ಟ್ ಕಟ್‌ಆಫನ್ನು 10 ಪರ್ಸೆಂಟೈಲ್ ಇಳಿಸಲು ಹೇಳಿತು. ಜತೆಗೆ ಖಾಸಗಿ ಕಾಲೇಜುಗಳು ಶುಲ್ಕ ಕಡಿಮೆ ಮಾಡುವ ಬಗ್ಗೆ ಯೋಚಿಸಬೇಕು ಎಂದೂ ಹೇಳಿತು. ಕಟ್‌ಆಫ್ ಇಳಿಯಿತು. ಶುಲ್ಕದ ಮಾತು 'ಯೋಚಿಸಿ' ಎಂಬಲ್ಲಿಗೇ ನಿಂತಿತು.

ಈಗ ನೆಕ್ಸ್ಟ್ ಬರುತ್ತಿದೆ

2023ರ ಮಳೆಗಾಲದ ಅಧಿವೇಶನದಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಮಸೂದೆಯನ್ನು ಅಂಗೀಕರಿಸಿತು. ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. 1948ರ ಕಾಯ್ದೆಯ ಜಾಗಕ್ಕೆಂದು ತಂದ ಕಾನೂನು ಇದು. ಪರಿಷತ್ತಿನ ಬದಲು ಆಯೋಗ, ಅದರ ಕೆಳಗೆ ಮೂರು ಮಂಡಳಿಗಳು: ಒಂದು ಶಿಕ್ಷಣಕ್ಕೆ, ಒಂದು ಕಾಲೇಜುಗಳ ಮೌಲ್ಯಮಾಪನ ಮತ್ತು ರೇಟಿಂಗಿಗೆ, ಇನ್ನೊಂದು ನೈತಿಕತೆ ಮತ್ತು ನೋಂದಣಿಗೆ. ಖಾಸಗಿ ಕಾಲೇಜು ಮತ್ತು ಡೀಮ್ಡ್ ವಿವಿಗಳ ಅರ್ಧದಷ್ಟು ಸೀಟುಗಳ ಶುಲ್ಕಕ್ಕೆ ಆಯೋಗವೇ ಮಾರ್ಗಸೂಚಿ ಕೊಡಬೇಕು ಎಂದೂ ಇದೆ.

ಲೈಸೆನ್ಸಿಗೆ ಸಂಬಂಧಿಸಿದ ದೊಡ್ಡ ಬದಲಾವಣೆ ಅಂದರೆ ರಾಷ್ಟ್ರೀಯ ನಿರ್ಗಮನ ಪರೀಕ್ಷೆ, ಅಂದರೆ ಡೆಂಟಲ್ ನೆಕ್ಸ್ಟ್. ಅಂತಿಮ ವರ್ಷದಲ್ಲಿ ಇಡೀ ದೇಶಕ್ಕೆ ಒಂದೇ ಪರೀಕ್ಷೆ. ಅದನ್ನು ಪಾಸಾದರೆ ಲೈಸೆನ್ಸು. ಎಂಡಿಎಸ್ ಪ್ರವೇಶಕ್ಕೂ ಅದೇ ಆಧಾರ. ಕಾಯ್ದೆ ಜಾರಿಯಾದ ಮೂರು ವರ್ಷದೊಳಗೆ ಇದು ಶುರುವಾಗಬೇಕು ಎನ್ನುತ್ತದೆ ಕಾನೂನು. ಕಾನೂನಿನಲ್ಲಿರುವ ಗಡುವನ್ನು ನಂಬಬೇಡಿ ಎಂದು ಎಂಬಿಬಿಎಸ್ ಓದುತ್ತಿರುವ ಗೆಳೆಯರು ನಿಮಗೆ ಹೇಳಿಯಾರು. ಅವರ ನೆಕ್ಸ್ಟ್ 2019ರ ಕಾಯ್ದೆಯಲ್ಲೇ ಇತ್ತು. ಪ್ರತಿಭಟನೆಗಳ ನಡುವೆ 2023ರ ಜುಲೈಯಲ್ಲಿ ಅದನ್ನು ಮುಂದಕ್ಕೆ ಹಾಕಲಾಯಿತು.

ನಾನು ಈ ಪರೀಕ್ಷೆಗೆ ವಿರೋಧಿಯಲ್ಲ. ಹೈವೇ ಪಕ್ಕದ ಕಾಲೇಜಿನ ಡಿಗ್ರಿಗೂ ಬೆಂಗಳೂರಿನ ಸರ್ಕಾರಿ ಕಾಲೇಜಿನ ಡಿಗ್ರಿಗೂ ಒಂದೇ ಅಳತೆಗೋಲು ಇರಲಿ ಅನ್ನುವುದು ನ್ಯಾಯವಾದ ಮಾತೇ. ನನ್ನ ಪ್ರಶ್ನೆ ಫೇಲಾದವರ ಬಗ್ಗೆ. ಲಕ್ಷಾಂತರ ರೂಪಾಯಿ ಸಾಲ ಮಾಡಿ, ಐದು ವರ್ಷ ಕಳೆದು, ಕಲಿಸದೇ ಇದ್ದದ್ದನ್ನು ಬರೆಯಲಾಗದೆ ಫೇಲಾದ ಹುಡುಗಿ ಮನೆಯಲ್ಲಿ ಕೂರುತ್ತಾಳೆ. ಫೀಸು ತೆಗೆದುಕೊಂಡ ಕಾಲೇಜು ಮುಂದಿನ ಬ್ಯಾಚಿಗೆ ಬ್ಯಾನರು ಕಟ್ಟುತ್ತದೆ. ಕ್ವಾಲಿಟಿ ಟೆಸ್ಟಿನಲ್ಲಿ ಸೋತ ಯಂತ್ರವನ್ನು ಕಾರ್ಖಾನೆ ವಾಪಸ್ ತಗೋಬೇಕು. ಇಲ್ಲಿ ಕಾರ್ಖಾನೆಗೆ ಏನೂ ಆಗಲ್ಲ.

ಎರಡು ದಾರಿ

ಬೇರೆ ದೇಶಗಳು ಇದನ್ನು ಹೇಗೆ ನಿಭಾಯಿಸಿವೆ? ಸ್ಥೂಲವಾಗಿ ಎರಡು ದಾರಿಗಳಿವೆ. ಬ್ರಿಟನ್ನಿನಲ್ಲಿ ಜನರಲ್ ಡೆಂಟಲ್ ಕೌನ್ಸಿಲ್ ಕಾಲೇಜುಗಳ ಕೋರ್ಸುಗಳನ್ನೇ ಪರಿಶೀಲಿಸುತ್ತದೆ. ಅಲ್ಲಿನ ಮಾನ್ಯತೆ ಪಡೆದ ಕೋರ್ಸಿನಲ್ಲಿ ಪಾಸಾದವರು ನೋಂದಣಿಗೆ ಇನ್ನೊಂದು ಪರೀಕ್ಷೆ ಬರೆಯಬೇಕಿಲ್ಲ. ಹೊರಗಿನಿಂದ ಹೋದವರಿಗೆ ಮಾತ್ರ ಬೇರೆ ಪರೀಕ್ಷೆ. ನಮ್ಮ ಬಿಡಿಎಸ್ ಮುಗಿಸಿ ಲಂಡನ್ನಿಗೆ ಹೋದ ಕನ್ನಡದ ಹುಡುಗರು ಎರಡು ಭಾಗದ ಆ ಪರೀಕ್ಷೆಗೆ ವರ್ಷಗಟ್ಟಲೆ ತಯಾರಿ ಮಾಡುವುದು ಇದೇ ಕಾರಣಕ್ಕೆ. ಅಮೆರಿಕದಲ್ಲಿ ಕಾಲೇಜಿಗೂ ಮಾನ್ಯತೆ ಬೇಕು, ವಿದ್ಯಾರ್ಥಿಗೂ ರಾಷ್ಟ್ರಮಟ್ಟದ ಲಿಖಿತ ಪರೀಕ್ಷೆ ಇದೆ. ಅದರ ಮೇಲೆ ಆಯಾ ರಾಜ್ಯದ ಮಂಡಳಿ ಕೈಕೆಲಸದ ಸಾಮರ್ಥ್ಯದ ಪುರಾವೆಯನ್ನೂ ಕೇಳುತ್ತದೆ.

ಕಾಲೇಜನ್ನು ಬಿಗಿಯಾಗಿ ಪರೀಕ್ಷಿಸಿ ವಿದ್ಯಾರ್ಥಿಯನ್ನು ನಂಬುವುದು ಒಂದು ದಾರಿ. ಇಬ್ಬರನ್ನೂ ಪರೀಕ್ಷಿಸುವುದು ಇನ್ನೊಂದು. ನಾವು ಇಲ್ಲಿಯವರೆಗೆ ಕಾಲೇಜನ್ನು ಹೆಸರಿಗೆ ಪರೀಕ್ಷಿಸಿ ವಿದ್ಯಾರ್ಥಿಯನ್ನು ನಂಬಿದೆವು. ಇನ್ಸ್‌ಪೆಕ್ಷನ್ ದಿನ ಮಾತ್ರ ಕಾಣಿಸಿಕೊಳ್ಳುವ ಪ್ರೊಫೆಸರುಗಳ ಕತೆ ಯಾವ ವೃತ್ತಿಶಿಕ್ಷಣದ ವಿದ್ಯಾರ್ಥಿಗೆ ಗೊತ್ತಿಲ್ಲ ಹೇಳಿ? ಈಗ ಕಾಲೇಜಿನ ವಿಷಯವನ್ನು ಹಾಗೇ ಬಿಟ್ಟು ವಿದ್ಯಾರ್ಥಿಯನ್ನು ಮಾತ್ರ ಬಿಗಿಯಾಗಿ ಪರೀಕ್ಷಿಸಿದರೆ ಏನಾಗುತ್ತೆ? ಕೋಚಿಂಗ್ ಸೆಂಟರುಗಳಿಗೆ ಇನ್ನೊಂದು ಮಾರುಕಟ್ಟೆ ಸಿಗುತ್ತೆ. ಅಂತಿಮ ವರ್ಷದ ವಿದ್ಯಾರ್ಥಿ ಕ್ಲಿನಿಕ್ ಬಿಟ್ಟು ಎಂಸಿಕ್ಯೂ ಬಾಯಿಪಾಠಕ್ಕೆ ಕೂರುತ್ತಾನೆ. ಹಲ್ಲಿನ ಬೇರು ಮುರಿಯದಂತೆ ಕೀಳುವ ಕೈ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಟಿಕ್ ಮಾಡಿ ಬರುವಂಥದ್ದಲ್ಲ.

ಹಾಗಾದರೆ ಏನು ಕೇಳಬೇಕು?

ವಿದ್ಯಾರ್ಥಿ ಸಂಘಟನೆಗಳು 'ನೆಕ್ಸ್ಟ್ ಬೇಡ' ಎಂಬ ಒಂದೇ ಘೋಷಣೆಯಲ್ಲಿ ನಿಂತರೆ ರೋಗಿಗಳ ಬೆಂಬಲ ಸಿಗುವುದಿಲ್ಲ. ಪರೀಕ್ಷೆಗೆ ಹೆದರುತ್ತಿದ್ದಾರೆ ಎಂದು ಜನ ಅಂದುಕೊಳ್ಳುತ್ತಾರೆ. ಅದರ ಬದಲು ನಾಲ್ಕು ಸಂಗತಿಗಳನ್ನು ಕೇಳಬಹುದು.

ಮೊದಲನೆಯದು, ನೆಕ್ಸ್ಟ್ ಫಲಿತಾಂಶವನ್ನು ಕಾಲೇಜುವಾರು ಪ್ರಕಟಿಸಬೇಕು. ಎಷ್ಟು ಜನ ಬರೆದರು, ಎಷ್ಟು ಜನ ಪಾಸಾದರು ಎಂಬುದು ಸೀಟು ಆರಿಸಿಕೊಳ್ಳುವ ಪಿಯುಸಿ ವಿದ್ಯಾರ್ಥಿಗೆ ಕಾಣಬೇಕು. ಆಯೋಗದ ರೇಟಿಂಗ್ ಮಂಡಳಿ ಇದನ್ನೇ ಮುಖ್ಯ ಅಂಕಿಅಂಶ ಮಾಡಿಕೊಳ್ಳಬೇಕು. ಸತತವಾಗಿ ಕೆಳಗೆ ಬಿದ್ದ ಕಾಲೇಜಿನ ಸೀಟು ಕಡಿತವಾಗಬೇಕು. ಫೇಲಾದ ವಿದ್ಯಾರ್ಥಿಗೆ ಮತ್ತೆ ತರಬೇತಿ ಕೊಡುವ ಖರ್ಚು ಆ ಕಾಲೇಜಿನದ್ದೇ ಆಗಬೇಕು.

ಎರಡನೆಯದು, ಕೈಕೆಲಸದ ಪರೀಕ್ಷೆ ವಿದ್ಯಾರ್ಥಿಯ ಕಾಲೇಜಿನಲ್ಲಿ ನಡೆಯಬಾರದು. ರೋಗಿಯನ್ನು ಹುಡುಕಿ ತರುವ ಹೊಣೆ ವಿದ್ಯಾರ್ಥಿಯದ್ದಾಗಬಾರದು.

ಮೂರನೆಯದು, ಇಂಟರ್ನ್‌ಶಿಪ್ ಮುಗಿದ ದಾಖಲೆ ವಿದ್ಯಾರ್ಥಿಯ ಕೈಯಿಂದ ಪರಿಷತ್ತಿಗೆ ಹೋಗುವ ಪದ್ಧತಿಯೇ ನಿಲ್ಲಬೇಕು. ಕಾಲೇಜು ಮತ್ತು ವಿಶ್ವವಿದ್ಯಾಲಯ ಅದನ್ನು ನೇರವಾಗಿ ಪರಿಷತ್ತಿಗೆ ಕಳಿಸಲಿ, ಅದಕ್ಕೆ ಗಡುವು ಇರಲಿ, ತಡವಾದರೆ ದಂಡ ಕಾಲೇಜಿಗೆ ಬೀಳಲಿ. ಫೀಸಿನ ಜಗಳ ಇದ್ದರೆ ಅದು ಬೇರೆ ಕಟಕಟೆಯಲ್ಲಿ ಇತ್ಯರ್ಥವಾಗಲಿ. ಒಬ್ಬರ ದುಡಿಮೆಯ ಹಕ್ಕನ್ನು ಅಡ ಇಟ್ಟುಕೊಂಡು ಬಾಕಿ ವಸೂಲಿ ಮಾಡುವುದು ಲೇವಾದೇವಿಯವರ ಲೆಕ್ಕ.

ನಾಲ್ಕನೆಯದು ರೋಗಿಗಳಿಗಾಗಿ. ನೋಂದಣಿ ಸಂಖ್ಯೆಯನ್ನು ಹಾಕಿದರೆ ಡಾಕ್ಟರ ಹೆಸರು, ಪದವಿ, ನೋಂದಣಿ ಚಾಲ್ತಿಯಲ್ಲಿದೆಯೋ ಇಲ್ಲವೋ ಎಂಬುದು ಕನ್ನಡದಲ್ಲಿ, ಮೊಬೈಲಿನಲ್ಲಿ ಸುಲಭವಾಗಿ ಸಿಗಬೇಕು. ಕ್ಲಿನಿಕ್ ನಡೆಸುವವರು ನಮ್ಮ ರಾಜ್ಯದಲ್ಲಿ ಇದೊಂದೇ ನೋಂದಣಿಯಿಂದ ಪಾರಾಗುವುದಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದ ನೋಂದಣಿ, ತ್ಯಾಜ್ಯ ವಿಲೇವಾರಿಗೆ ಮಾಲಿನ್ಯ ನಿಯಂತ್ರಣ ಮಂಡಳಿ, ಎಕ್ಸ್‌ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಬೋರ್ಡ್ ಹಾಕಿಕೊಂಡು ಪ್ರಾಮಾಣಿಕವಾಗಿ ಕೂತವರನ್ನು ಇಷ್ಟು ಇಲಾಖೆಗಳು ಕೇಳುತ್ತವೆ. ಬೋರ್ಡೇ ಇಲ್ಲದ ಅಂಗಡಿಯನ್ನು ಯಾವ ಇಲಾಖೆ ಕೇಳುತ್ತದೆ?

ಆ ಅಂಗಡಿಯನ್ನು ಮುಚ್ಚಿಸಿದರೆ ಸಮಸ್ಯೆ ಮುಗಿಯುತ್ತಾ ಅಂದರೆ, ಅದೂ ಇಲ್ಲ. ದೊಡ್ಡಪ್ಪ ಅಲ್ಲಿಗೆ ಹೋದದ್ದು ಅಜ್ಞಾನದಿಂದ ಅಲ್ಲ. ತಾಲೂಕು ಆಸ್ಪತ್ರೆಗೆ ಎರಡು ಬಸ್ಸು, ಒಂದು ದಿನದ ಕೂಲಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಂತವೈದ್ಯರ ಹುದ್ದೆಯೇ ಇಲ್ಲ. 2014ರಲ್ಲಿ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ 'ದಂತ ಭಾಗ್ಯ' ಯೋಜನೆ ಬಂತು, ಒಳ್ಳೆಯದೇ. ಆದರೆ ಹಲ್ಲೆಲ್ಲ ಹೋದ ಮೇಲೆ ಸೆಟ್ ಕೊಡುವುದಕ್ಕೂ, ಹೋಗದಂತೆ ನೋಡಿಕೊಳ್ಳಲು ಹಳ್ಳಿಯಲ್ಲೊಬ್ಬ ಡಾಕ್ಟರನ್ನು ಇಡುವುದಕ್ಕೂ ವ್ಯತ್ಯಾಸವಿದೆ. ದೇಶದಲ್ಲಿ ದಂತವೈದ್ಯರ ಕೊರತೆ ಇಲ್ಲ ಎಂದು ಕೋರ್ಟಿನಲ್ಲಿ ಹೇಳಿದ ಸರ್ಕಾರ, ಅವರೆಲ್ಲ ಎಲ್ಲಿದ್ದಾರೆ ಎಂಬುದನ್ನೂ ಹೇಳಬೇಕಿತ್ತು. ಬೆಂಗಳೂರಿನ ಒಂದೊಂದು ಬೀದಿಯಲ್ಲಿ ಎರಡು ಮೂರು ಡೆಂಟಲ್ ಕ್ಲಿನಿಕ್. ನಮ್ಮ ಹೋಬಳಿಗೆ ಒಂದೂ ಇಲ್ಲ.

ತಂಗಿಗೆ ಕೊನೆಗೂ ಇಂಟರ್ನ್‌ಶಿಪ್ ಪತ್ರ ಸಿಕ್ಕಿತು. ಬಾಕಿ ಏನೂ ಇರಲಿಲ್ಲ, ಅಕೌಂಟ್ಸ್‌ನವರು ಎಂಟ್ರಿ ಹಾಕಲು ಮರೆತಿದ್ದರಂತೆ. ಅರ್ಜಿ ಹಾಕಿದಳು, ನಂಬರ್ ಬಂತು. ಈಗ ಜಿಲ್ಲಾ ಕೇಂದ್ರದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾಳೆ, ತನ್ನ ಹೆಸರಿನಲ್ಲೇ ಸಹಿ ಹಾಕುತ್ತಾಳೆ. ಹೋದ ತಿಂಗಳು ಊರಿಗೆ ಹೋದಾಗ ದೊಡ್ಡಪ್ಪನ ಬಾಯಿ ನೋಡಿದಳಂತೆ. ಅಂಗಡಿಯಲ್ಲಿ ಕೀಳಿಸಿದ ಜಾಗದಲ್ಲಿ ಬೇರಿನ ಚೂರು ಉಳಿದು ಕೀವು ಕಟ್ಟಿತ್ತು. ಮಾರನೆಯ ದಿನವೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಅದನ್ನು ತೆಗೆದಳು.

"ಆವತ್ತೇ ನೀನು ಕಿತ್ತಿದ್ರೆ ಆಗ್ತಿತ್ತಲ್ಲವ್ವಾ" ಅಂದರಂತೆ ದೊಡ್ಡಪ್ಪ. ಅದಕ್ಕೆ ಅವಳು ಉತ್ತರ ಕೊಡಲಿಲ್ಲವಂತೆ. ಉತ್ತರ ಕೊಡಬೇಕಾದವರು ಅವಳ ಕಾಲೇಜಿನವರು, ಆ ಕಾಲೇಜಿಗೆ ಮಾನ್ಯತೆ ಕೊಟ್ಟವರು.